ಏಳು ಸಲ ಬೆಂಕಿ ಕಂಡ ಹಲ್ಲು

ಕಳೆದ ತಿಂಗಳು ಕೊಪ್ಪಕ್ಕೆ ಹೋಗಿದ್ದೆ. ಅಂಗಡಿ ಬಿಟ್ಟುಕೊಡಲು ಅಪ್ಪಯ್ಯ ಕೊನೆಗೂ ಒಪ್ಪಿದ್ದರು. ವಯಸ್ಸು ಎಂಬತ್ತು ದಾಟಿದೆ, ಒಂದು ಕಣ್ಣು ಪೂರ್ತಿ ಮಂಜು, ಇನ್ನೊಂದು ಅರೆ ಮಂಜು. ಆದರೂ ಸಾಮಾನು ಕಟ್ಟುವಾಗ ಪಕ್ಕದಲ್ಲೇ ಕೂತಿರಬೇಕೆಂದು ಹಟ ಹಿಡಿದು ರಿಕ್ಷಾದಲ್ಲಿ ಬಂದಿದ್ದರು. ಬಸ್‌ಸ್ಟ್ಯಾಂಡಿನ ಹಿಂದೆ ಹತ್ತಡಿ ಉದ್ದದ ಅಕ್ಕಸಾಲಿ ಅಂಗಡಿ ಅದು. ಬಾಗಿಲು ತೆಗೆದ ಕೂಡಲೇ ಇದ್ದಿಲು, ಅರಗು, ಸುಟ್ಟ ಲೋಹ ಎಲ್ಲ ಸೇರಿದ ಹಳೆಯ ವಾಸನೆ ಮೂಗಿಗೆ ಬಂತು.

ಚಿಮಟಗಳು, ಊದುಗೊಳವೆ, ಒಡೆದ ಮೂಸೆಗಳು, ಒರೆಗಲ್ಲು ಒಂದೊಂದನ್ನೇ ಹಳೆ ಪೇಪರಿನಲ್ಲಿ ಸುತ್ತುತ್ತಿದ್ದೆ. ಕೊನೆಗೆ ಒಂದು ಹಿತ್ತಾಳೆ ಡಬ್ಬಿ ಸಿಕ್ಕಿತು. ಅಪ್ಪಯ್ಯ ಚಿನ್ನದ ಚೂರು, ಅರದ ಪುಡಿ ಕೂಡಿಡುತ್ತಿದ್ದ ಡಬ್ಬಿ. ನಾವು ಮಕ್ಕಳು ಅದನ್ನು ಮುಟ್ಟಿದರೆ ಬೆನ್ನಿಗೆ ಬೀಳುತ್ತಿತ್ತು. ತೆಗೆದು ನೋಡಿದರೆ ಚಿನ್ನ ಇರಲಿಲ್ಲ. ಹತ್ತಿಯಲ್ಲಿ ಸುತ್ತಿದ ಒಂದು ಹಲ್ಲು ಇತ್ತು. ಮೇಲಿನ ಸಾಲಿನ ಮುಂದಿನ ಹಲ್ಲು, ಬಲಗಡೆಯದು, ಪಿಂಗಾಣಿಯದು. ಅದನ್ನು ಮಾಡಿದವಳೂ ನಾನೇ, ಕೆಡಿಸಿದವಳೂ ನಾನೇ.

ಅದು ಎರಡು ಸಾವಿರದ ಐದನೇ ಇಸವಿಯ ಚಳಿಗಾಲದ ಮಾತು. ಆಗ ನನಗೆ ಇಪ್ಪತ್ತಾರು. ಮಂಗಳೂರಿನಲ್ಲಿ ಎರಡು ವರ್ಷದ ಡೆಂಟಲ್ ಮೆಕ್ಯಾನಿಕ್ ಕೋರ್ಸು ಮುಗಿಸಿ, ಒಂದು ಲ್ಯಾಬಿನಲ್ಲಿ ಮೂರು ವರ್ಷ ಇನ್ನೊಬ್ಬರ ಕೈಕೆಳಗೆ ದುಡಿದು, ಊರಿಗೆ ಬಂದು ಅಪ್ಪಯ್ಯನ ಅಂಗಡಿಯ ಅಟ್ಟದ ಮೇಲೆ ನನ್ನದೇ ಲ್ಯಾಬು ಹಾಕಿದ್ದೆ. ಲ್ಯಾಬು ಅಂದರೆ ದೊಡ್ಡದಾಗಿ ಕಲ್ಪಿಸಿಕೊಳ್ಳುವುದು ಬೇಡ. ಒಂದು ಮೇಜು, ಎರಡು ಕಿಟಕಿ, ಒಂದು ಸೆಕೆಂಡ್‌ಹ್ಯಾಂಡ್ ಫರ್ನೇಸು. ಕೆಳಗೆ ಅಪ್ಪಯ್ಯ ಬಳೆ ಕಾಸುತ್ತಿದ್ದರು, ಮೇಲೆ ನಾನು ಹಲ್ಲು ಕಾಸುತ್ತಿದ್ದೆ. ಪಕ್ಕದ ಬಟ್ಟೆ ಅಂಗಡಿಯವರಿಗೆ ಇದು ದಿನದ ತಮಾಷೆ. "ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡ ಅಂತಿದ್ರು. ಈಗ ಆಚಾರ್ರ ಮಗಳು ಹಲ್ಲನ್ನೂ ಬಿಡದಿಲ್ಲ" ಎನ್ನುತ್ತಿದ್ದರು.

ನನ್ನ ಕೆಲಸ ಜನರಿಗೆ ಅರ್ಥವಾಗುತ್ತಿರಲಿಲ್ಲ. ಹಲ್ಲಿನ ಡಾಕ್ಟರು ಅಳತೆ ತೆಗೆದು ಕಳಿಸುತ್ತಾರೆ, ನಾನು ಹಲ್ಲು ಮಾಡಿ ವಾಪಸು ಕಳಿಸುತ್ತೇನೆ, ಬಾಯಿಗೆ ಕೂರಿಸುವವರು ಅವರು. ರೋಗಿಯ ಮುಖ ನಾನು ನೋಡುವುದೇ ಇಲ್ಲ. ಪ್ಲಾಸ್ಟರಿನ ಅಚ್ಚಿನ ಜೊತೆ ಒಂದು ಚೀಟಿ ಬರುತ್ತದೆ. ಅದರಲ್ಲಿ ಹೆಸರು, ವಯಸ್ಸು, ಊರು, ಹಲ್ಲಿನ ಬಣ್ಣದ ನಂಬರು. ಆ ನಂಬರೇ ನನಗೆ ಮನುಷ್ಯ. ಶೃಂಗೇರಿಯ ಡಾಕ್ಟರು ದವಡೆ ಹಲ್ಲುಗಳನ್ನು ಕಳಿಸುತ್ತಿದ್ದರು, ಕೊಪ್ಪದಲ್ಲಿ ಹೆಚ್ಚಾಗಿ ಮುದುಕರ ಸೆಟ್ಟು ಹಲ್ಲು. ಎಲ್ಲ ಬಸ್ಸಿನಲ್ಲೇ ಬರುತ್ತಿತ್ತು. ಡ್ರೈವರ್ ಸೀಟಿನ ಹಿಂದೆ ಒಂದು ರಟ್ಟಿನ ಪೆಟ್ಟಿಗೆ. ಕಂಡಕ್ಟರುಗಳು ಸ್ಟ್ಯಾಂಡಿನಲ್ಲಿ ನಿಂತು "ಹಲ್ಲು ಬಂತು ಹಲ್ಲು" ಎಂದು ಕೂಗಿ ಕರೆಯುತ್ತಿದ್ದರು.

ಎನ್.ಆರ್.ಪುರದ ಡಾಕ್ಟರು ಮಾತ್ರ ತಮ್ಮ ಕೆಲಸವನ್ನೆಲ್ಲ ಶಿವಮೊಗ್ಗಕ್ಕೆ ಕಳಿಸುತ್ತಿದ್ದರು. ಮೂರು ತಾಲ್ಲೂಕಿನಲ್ಲಿ ಹೆಚ್ಚು ಕೆಲಸ ಇದ್ದದ್ದು ಅವರಲ್ಲೇ. ನಾನು ಎರಡು ಸಲ ಹೋಗಿ ಕೇಳಿದ ಮೇಲೆ ನವೆಂಬರಿನಲ್ಲಿ ಒಂದು ದಿನ ಅವರೇ ಫೋನ್ ಮಾಡಿದರು.

"ನೋಡಿ ಸುಮಿತ್ರಾ, ದವಡೆ ಹಲ್ಲು ಯಾರು ಬೇಕಾದ್ರೂ ಮಾಡ್ತಾರೆ. ಮುಂದಿನ ಹಲ್ಲು ಒಂದು ಕಳಿಸ್ತೀನಿ. ಬಣ್ಣ ಸರಿಯಾಗಿ ಕೂತರೆ ಇನ್ನು ಮೇಲೆ ಎಲ್ಲಾ ನಿಮಗೇ. ಕೂರಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ, ನನಗೆ ಶಿವಮೊಗ್ಗ ಇದೆ."

ಶೃಂಗೇರಿಯ ನಾಲ್ಕು ದವಡೆ ಹಲ್ಲು ನಂಬಿಕೊಂಡು ಲ್ಯಾಬು ನಡೆಯುವುದಿಲ್ಲವೆಂದು ಆಗಲೇ ನನಗೆ ಗೊತ್ತಾಗಿತ್ತು. ಈ ಹಲ್ಲು ಕೂರಬೇಕು, ಇಲ್ಲವೆಂದರೆ ಅಟ್ಟ ಖಾಲಿ ಮಾಡಿ ಮಂಗಳೂರಿನಲ್ಲಿ ಮತ್ತೆ ಇನ್ನೊಬ್ಬರ ಕೈಕೆಳಗೆ ನಿಲ್ಲಬೇಕು. ಹೆದರಿಕೆ ಆಗಿತ್ತು. ಹೆದರಿಕೆಗಿಂತ ಹೆಚ್ಚು ಆಸೆ ಆಗಿತ್ತು.

ಮರುದಿನ ಮೊದಲ ಬಸ್ಸಿಗೆ ಪೆಟ್ಟಿಗೆ ಬಂತು. ಚೀಟಿಯಲ್ಲಿ ಗಿರಿಜಮ್ಮ, ನಲವತ್ತಾರು, ಸೀತೂರು. ಬಣ್ಣ ಎ-ಟೂ. ನಲವತ್ತಾರು ವರ್ಷದವರಿಗೆ ಅದು ಬಹಳ ತಿಳಿಯಾದ ಬಣ್ಣ. ಪರವಾಗಿಲ್ಲ, ಹಲ್ಲು ಚೆನ್ನಾಗಿ ಇಟ್ಟುಕೊಂಡಿದ್ದಾರೆ ಎಂದುಕೊಂಡೆ.

ಈ ಹಲ್ಲು ಮಾಡುವ ಬಗೆಯನ್ನು ಸ್ವಲ್ಪ ಹೇಳಬೇಕು. ಮೊದಲು ಮುರಿದ ಹಲ್ಲಿನ ಮೋಟಿನ ಮೇಲೆ ಕೂರುವಂತೆ ಲೋಹದಲ್ಲಿ ಒಂದು ತೆಳು ಟೊಪ್ಪಿ ಎರಕ ಹೊಯ್ಯುತ್ತೇವೆ. ಅದರ ಮೇಲೆ ಪಿಂಗಾಣಿಯ ಪುಡಿಯನ್ನು ನೀರಲ್ಲಿ ಕಲಸಿ ಕುಂಚದಿಂದ ಹಚ್ಚಿ ಕಾಸುತ್ತೇವೆ, ಒಂಬೈನೂರು ಡಿಗ್ರಿಯ ಆಸುಪಾಸಿನಲ್ಲಿ. ಲೋಹದ ಕಪ್ಪು ಮುಚ್ಚಲು ಒಂದು ಸಲ, ಹಲ್ಲಿನ ಮೈಗೆ ಒಂದು ಸಲ, ಕುಗ್ಗಿದ್ದನ್ನು ತುಂಬಲು ಒಂದು ಸಲ, ಹೊಳಪಿಗೆ ಒಂದು ಸಲ. ಒಟ್ಟು ನಾಲ್ಕು ಸಲ. ಅಲ್ಲಿಗೆ ನಿಲ್ಲಿಸಬೇಕು ಎಂದು ಕೋರ್ಸಿನಲ್ಲಿ ಹೇಳಿಕೊಟ್ಟಿದ್ದರು. ಹೇಳಿಕೊಟ್ಟದ್ದಕ್ಕೆಲ್ಲ ಪರೀಕ್ಷೆಯಲ್ಲಿ ಉತ್ತರವನ್ನೂ ಬರೆದಿದ್ದೆ.

ನಾಲ್ಕನೇ ಬೆಂಕಿಯಿಂದ ಹೊರಬಂದಾಗ ಹಲ್ಲು ಚೆಂದ ಇತ್ತು. ಆ ತಿಂಗಳಲ್ಲಿ ಬೆಳಿಗ್ಗೆ ಹತ್ತರವರೆಗೆ ಊರ ಮೇಲೆ ಮಂಜು ಕೂತಿರುತ್ತಿತ್ತು, ಆ ಬೆಳಕಿನಲ್ಲಿ ಬಣ್ಣ ನೋಡಿದರೆ ಮೋಸ ಹೋಗುತ್ತೇವೆ. ಮಂಜು ಹರಿದು ಬಿಸಿಲು ಬರುವ ತನಕ ಕಾದು, ಉತ್ತರದ ಕಿಟಕಿಯಲ್ಲಿ ಹಿಡಿದು ನೋಡಿ ಕಳಿಸಿದೆ. ಸಂಜೆ ಡಾಕ್ಟರ ಫೋನು ಬಂತು. "ತುಂಬಾ ಚೆನ್ನಾಗಿ ಕೂತಿದೆ. ಒಂದು ವಾರ ತಾತ್ಕಾಲಿಕವಾಗಿ ಅಂಟಿಸಿ ಕಳಿಸಿದೀನಿ." ಅಪ್ಪಯ್ಯನಿಗೆ ಹೇಳಿದೆ. ಅವರು ತಲೆ ಎತ್ತದೆ "ಹೂಂ" ಅಂದರು. ನಮ್ಮ ಮನೆಯಲ್ಲಿ ಅದು ದೊಡ್ಡ ಹೊಗಳಿಕೆ.

ವಾರ ಕಳೆದು ಹಲ್ಲು ಬಸ್ಸಿನಲ್ಲಿ ವಾಪಸು ಬಂತು. ಚೀಟಿಯಲ್ಲಿ ಬರೆದಿತ್ತು: ನನಗೆ ಸರಿ ಕಾಣುತ್ತಿದೆ, ಆದರೆ ಪೇಷೆಂಟಿಗೆ ಬೆಳ್ಳಗೆ ಕಾಣುತ್ತದಂತೆ, ಸ್ವಲ್ಪ ಕಂದು ಮಾಡಿ.

ಅಟ್ಟದಿಂದ ಇಳಿದು ಬಂದವಳ ಮುಖ ನೋಡಿಯೇ ಅಪ್ಪಯ್ಯ ಕೇಳಿದರು. "ಎಂತಾತೇ?"

"ಬೆಳ್ಳಗೆ ಕಾಣ್ತದಂತೆ ಅಪ್ಪಯ್ಯ. ಹೊಸದಾಗಿ ಮಾಡಣ ಅಂತಿದೀನಿ."

"ಹೊಸದು ಎಂತಕ್ಕೆ ಮಾರಾಯ್ತಿ? ಬಣ್ಣ ಹಚ್ಚಿ ಮತ್ತೊಂದ್ಸಲ ಕಾಸು. ಗಿರಾಕಿ ಹತ್ರ ವಾದ ಮಾಡಬಾರ್ದು. ಬೆಂಕಿಗೆ ಕೊಡದು, ತಿದ್ದದು, ವಾಪಸ್ ಕೊಡದು. ನಲವತ್ತು ವರ್ಷ ನಾನು ಮಾಡಿದ್ದು ಅಷ್ಟೇ ಅಲ್ದಾ?"

ಅದು ನಮ್ಮ ಕುಲದ ಬುದ್ಧಿ. ಬೆಸುಗೆ ಬಿಟ್ಟರೆ ಕಾಸು, ಅಳತೆ ತಪ್ಪಿದರೆ ಕಾಸು, ಗಿರಾಕಿಗೆ ಮಾದರಿ ಹಿಡಿಸದಿದ್ದರೆ ಕರಗಿಸಿ ಮತ್ತೆ ಮಾಡು. ಚಿನ್ನ ಸಾವಿರ ಸಲ ಬೆಂಕಿ ಕಂಡರೂ ಚಿನ್ನವೇ. ಬೆಂಕಿಗೆ ಹೋದದ್ದು ಕೆಟ್ಟು ಬಂತು ಎಂಬ ಮಾತು ನಮ್ಮ ಮನೆಯಲ್ಲಿ ಯಾರೂ ಆಡಿದ್ದನ್ನು ನಾನು ಕೇಳಿರಲಿಲ್ಲ. ಪರೀಕ್ಷೆಯಲ್ಲಿ ಬರೆದ ಉತ್ತರ ಒಂದು ಕಡೆ, ಅಪ್ಪಯ್ಯನ ನಲವತ್ತು ವರ್ಷ ಇನ್ನೊಂದು ಕಡೆ. ನಾನು ಅಪ್ಪಯ್ಯನ ಮಾತು ಕೇಳಿದೆ.

ಬಾಯಲ್ಲಿ ಒಂದು ವಾರ ಇದ್ದು ಬಂದ ಪಿಂಗಾಣಿಯನ್ನು ನೇರವಾಗಿ ಬೆಂಕಿಗೆ ಹಾಕುವಂತಿಲ್ಲ, ಒಳಗಿನ ತೇವಕ್ಕೆ ಗುಳ್ಳೆ ಏಳುತ್ತದೆ. ಫರ್ನೇಸಿನ ಬಾಯಲ್ಲಿ ಇಟ್ಟು ನಿಧಾನ ಒಣಗಿಸಿ, ಕಂದು ಬಣ್ಣ ತೆಳುವಾಗಿ ಹಚ್ಚಿ ಐದನೇ ಸಲ ಕಾಸಿದೆ. ಸ್ವಲ್ಪ ದಟ್ಟವಾಯಿತು. ಕಳಿಸಿದೆ. ಇನ್ನೊಂದು ವಾರಕ್ಕೆ ಮತ್ತೆ ಬಂತು. ಈ ಸಲದ ಚೀಟಿ: ನನ್ನ ಕಣ್ಣಿಗೆ ಈಗಾಗಲೇ ಕಂದು ಹೆಚ್ಚಾಗಿದೆ, ಆದರೂ ಪೇಷೆಂಟು ಬಿಳಿ ಬಿಳಿ ಅನ್ನುತ್ತಿದ್ದಾರೆ, ಇನ್ನೂ ಸ್ವಲ್ಪ ಕಂದು.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಾಗಾಯಿತು. ಡಾಕ್ಟರಿಗೆ ಕಂದು, ಗಿರಿಜಮ್ಮನಿಗೆ ಬಿಳಿ. ಒಂದೇ ಹಲ್ಲು. ಅಪ್ಪಯ್ಯ ಮತ್ತೆ "ಕಾಸು" ಅಂದರು, ಮತ್ತೆ ಕಾಸಿದೆ. ಆರನೇ ಬೆಂಕಿಯಲ್ಲಿ ವಿಚಿತ್ರ ನೋಡಿದೆ. ಐದನೆಯದರಲ್ಲಿ ಹಚ್ಚಿದ್ದ ಕಂದು ಬಣ್ಣ ಅರ್ಧ ಹಾರಿಹೋಗಿತ್ತು, ಆದರೆ ಹಲ್ಲು ಮಾತ್ರ ಒಟ್ಟಾರೆ ಮಂಕಾಗಿತ್ತು. ಅಂಚುಗಳು ಸವೆದ ಸೋಪಿನ ಹಾಗೆ ಉರುಟಾಗಿದ್ದವು.

ಡಾಕ್ಟರಿಗೆ ಸಿಟ್ಟು ಬಂತು. "ಇದು ಸತ್ತ ಹಲ್ಲಿನ ಥರ ಇದೆ ಸುಮಿತ್ರಾ. ಜೀವ ಇಲ್ಲ. ತಿಳಿ ಮಾಡಿ." ಅಪ್ಪಯ್ಯ "ಕೊನೇ ಸಲ ಕಾಸಿ ನೋಡು" ಅಂದರು. ತಿಳಿ ಪುಡಿಯನ್ನು ಮೇಲೊಂದು ಪದರ ಹಚ್ಚಿ ಏಳನೇ ಸಲ ಕಾಸಿದೆ. ಹೊರಗೆ ತೆಗೆದಾಗ ಅದು ಹಲ್ಲೇ ಆಗಿರಲಿಲ್ಲ. ಗಾಜಿನಂತೆ ಹೊಳೆಯುತ್ತಿತ್ತು, ಒಳಗಿನಿಂದ ಕೆಂಪು ಮಿಶ್ರಿತ ಹಳದಿ ಇಣುಕುತ್ತಿತ್ತು. ಆದರೂ ಕಳಿಸಿದೆ. ಏಕೆ ಕಳಿಸಿದೆನೋ ಈಗಲೂ ತಿಳಿಯದು. ಡಾಕ್ಟರು ಅದನ್ನು ಬಾಯಿಗೂ ಇಟ್ಟು ನೋಡದೆ ಅದೇ ಬಸ್ಸಿಗೆ ವಾಪಸು ಹಾಕಿದರು. ಫೋನಿನಲ್ಲಿ ಅವರ ದನಿ ತಣ್ಣಗಿತ್ತು.

"ಸಂಕ್ರಾಂತಿ ಕಳೆದ ಗುರುವಾರ ಗಿರಿಜಮ್ಮ ಬರ್ತಾರೆ. ಅಷ್ಟರೊಳಗೆ ಹೊಸದು ಮಾಡಿ ಕಳಿಸಿ. ಅದೇ ಕೊನೆ. ಆಗದಿದ್ರೆ ಈಗಲೇ ಹೇಳಿ, ಶಿವಮೊಗ್ಗಕ್ಕೆ ಅಳತೆ ಕಳಿಸ್ತೀನಿ."

"ಮಾಡ್ತೀನಿ ಸಾರ್" ಅಂದೆ. ಫೋನಿಟ್ಟು ಅಟ್ಟದ ಮೆಟ್ಟಿಲ ಮೇಲೆ ಕೂತು ಅತ್ತೆ. ಮರೆಮಾಚುವುದೇನು, ಚೆನ್ನಾಗಿಯೇ ಅತ್ತೆ. ಅತ್ತು ಮುಗಿದ ಮೇಲೆ ಮಾಡಿದ ಕೆಲಸ ಮಾತ್ರ ನನ್ನ ಬದುಕಿನಲ್ಲಿ ನಾನು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದು.

ಅದೇ ಡಬ್ಬಿಯ ಅದೇ ಪುಡಿಯಲ್ಲಿ ಹುಣಸೆ ಬೀಜದಷ್ಟು ದೊಡ್ಡ ಐದು ಬಿಲ್ಲೆಗಳನ್ನು ಮಾಡಿದೆ. ಒಂದನ್ನು ಮೂರು ಸಲ ಕಾಸಿದೆ, ಒಂದನ್ನು ನಾಲ್ಕು, ಒಂದನ್ನು ಐದು, ಒಂದನ್ನು ಆರು, ಕೊನೆಯದನ್ನು ಏಳು. ಎರಡು ದಿನ ಹಿಡಿಯಿತು, ಮಧ್ಯೆ ಕರೆಂಟು ಹೋಗಿ ಒಂದು ಬಿಲ್ಲೆಯನ್ನು ಮತ್ತೆ ಮಾಡಬೇಕಾಯಿತು. ಆಮೇಲೆ ಐದನ್ನೂ ಸಾಲಾಗಿಟ್ಟು ನೋಡಲು ಕಪ್ಪು ಹಾಸು ಬೇಕಿತ್ತು. ಅಂಗಡಿಯಲ್ಲಿದ್ದ ಅತ್ಯಂತ ಕಪ್ಪು ವಸ್ತು ಅಪ್ಪಯ್ಯನ ಒರೆಗಲ್ಲು. ಅದರ ಮೇಲೆ ಚಿನ್ನ ಬಿಟ್ಟು ಬೇರೆ ಏನನ್ನೂ ಇಡುವಂತಿರಲಿಲ್ಲ. ಕೇಳದೆಯೇ ತೆಗೆದುಕೊಂಡು ಕಿಟಕಿಗೆ ಹಿಡಿದೆ.

ಮೂರಕ್ಕೂ ನಾಲ್ಕಕ್ಕೂ ಹೆಚ್ಚು ಅಂತರ ಕಾಣಲಿಲ್ಲ. ಐದರಲ್ಲಿ ಸಣ್ಣ ಅನುಮಾನ. ಆರರಲ್ಲಿ ಬೆಳಕು ತಗ್ಗಿತ್ತು. ಏಳು ಸಲ ಕಾಸಿದ್ದು ಅವುಗಳ ತಮ್ಮನೂ ಅಲ್ಲ, ದಾಯಾದಿಯೂ ಅಲ್ಲ. ಪಿಂಗಾಣಿಗೆ ಬಣ್ಣ ಕೊಡುವುದು ಅದರೊಳಗಿನ ಲೋಹದ ಪುಡಿಗಳು. ಬೆಂಕಿ ಮತ್ತೆ ಮತ್ತೆ ಮುಟ್ಟಿದಾಗ ಅವುಗಳಲ್ಲಿ ಕೆಲವು ಕಳೆಗುಂದುತ್ತವೆ, ಪಿಂಗಾಣಿ ಗಾಜಿನ ಕಡೆಗೆ ಜಾರುತ್ತದೆ, ಹಲ್ಲು ಮಂಕಾಗಿ ಕೆಂಪು ಹಳದಿಗೆ ತಿರುಗುತ್ತದೆ. ಪುಸ್ತಕದಲ್ಲಿ ಓದಿದ್ದು ಒರೆಗಲ್ಲಿನ ಮೇಲೆ ಮಲಗಿತ್ತು.

ಅಪ್ಪಯ್ಯ ಊಟ ಮುಗಿಸಿ ಬಂದವರು ಒರೆಗಲ್ಲು ಕಾಣದೆ ಮೇಲೆ ಹತ್ತಿ ಬಂದರು. ಬೈಯಲು ಬಾಯಿ ತೆಗೆದವರು ಹಾಗೆಯೇ ನಿಂತರು. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು.

"ಎಲ್ಲ ಒಂದೇ ಪುಡಿಯಾ?"

"ಒಂದೇ ಪುಡಿ. ಕಾಸಿದ ಲೆಕ್ಕ ಮಾತ್ರ ಬೇರೆ."

ಏಳು ಸಲ ಕಾಸಿದ್ದನ್ನು ಎತ್ತಿ ಬೆರಳಲ್ಲಿ ತಿರುಗಿಸಿದರು, ಕೆಳಗಿಟ್ಟರು. ಮೆಟ್ಟಿಲಿಳಿದು ಹೋದರು. ಒರೆಗಲ್ಲನ್ನು ವಾಪಸು ಕೇಳಲಿಲ್ಲ.

ಆದರೆ ಆ ಬಿಲ್ಲೆಗಳನ್ನು ನೋಡುತ್ತಾ ಕೂತಾಗ ನನಗೆ ಇನ್ನೊಂದು ವಿಷಯ ಹೊಳೆಯಿತು. ಬೆಂಕಿಯಿಂದ ಹಲ್ಲು ಮಂಕಾಗುತ್ತದೆ, ಸರಿ. ಹಾಗಾದರೆ ಗಿರಿಜಮ್ಮನಿಗೆ ಪ್ರತಿ ಸಲವೂ ಅದು ಬಿಳಿಯಾಗಿ ಕಂಡದ್ದು ಹೇಗೆ? ನಾಲ್ಕೇ ಸಲ ಕಾಸಿದ್ದು ಡಾಕ್ಟರ ಕುರ್ಚಿಯಲ್ಲಿ ಸರಿಯಾಗಿ ಕೂತಿತ್ತು, ಮನೆಗೆ ಹೋದ ಮೇಲೆ ಬಿಳಿಯಾಯಿತು. ಬೆಂಕಿಯ ತಪ್ಪು ಆಮೇಲೆ ಬಂದದ್ದು, ಅದಕ್ಕೂ ಮೊದಲೇ ಇನ್ನೊಂದು ತಪ್ಪು ಎಲ್ಲೋ ಆಗಿತ್ತು. ಹಲ್ಲು ಬದಲಾಗಿರಲಿಲ್ಲ ಅಂದಮೇಲೆ ಬದಲಾಗಿದ್ದು ಬಾಯಿಯೇ ಇರಬೇಕು.

ರೋಗಿಯನ್ನು ಹುಡುಕಿಕೊಂಡು ಹೋಗುವುದು ನಮ್ಮ ಕಸುಬಿನಲ್ಲಿ ಇಲ್ಲ. ಹೋದೆ. ಶೇಡ್ ಗೈಡ್, ಅಂದರೆ ಬಣ್ಣ ಹೋಲಿಸುವ ಮಾದರಿ ಹಲ್ಲುಗಳ ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು ಎನ್.ಆರ್.ಪುರದ ಬಸ್ಸು ಹತ್ತಿದೆ. ಸೀತೂರಿನಲ್ಲಿ ಇಳಿದು ಚಹಾದ ಅಂಗಡಿಯಲ್ಲಿ ಕೇಳಿದೆ. "ಗಿರಿಜಕ್ಕನಾ? ಈ ಹೊತ್ತಿಗೆ ಶಾಲೇಲಿ ಇರ್ತಾರೆ, ಬಿಸಿಯೂಟಕ್ಕೆ ಅಡಿಗೆ ಮಾಡೋದು ಅವರೇ" ಅಂದರು.

ಶಾಲೆಯ ಜಗಲಿಯಲ್ಲಿ ಮಕ್ಕಳು ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು. ಹಣೆಗೆ ವಿಭೂತಿ ಹಚ್ಚಿದ, ಗಟ್ಟಿಮುಟ್ಟಾದ ಹೆಂಗಸು ಒಂದು ಕೈಯಲ್ಲಿ ಸೌಟು ಹಿಡಿದು, ಇನ್ನೊಂದು ಕೈಯಲ್ಲಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಸಾರು ಬಡಿಸುತ್ತಿದ್ದರು. ಯಾರೋ ಹುಡುಗ ಏನೋ ಹೇಳಿದ. ಅವರಿಗೆ ನಗು ತಡೆಯದೆ ಸೆರಗು ಜಾರಿತು. ಮುಂದಿನ ಒಂದು ಹಲ್ಲಿನ ಜಾಗದಲ್ಲಿ ಅರೆದ ಮೋಟು ಮಾತ್ರ. ಉಳಿದ ಹಲ್ಲುಗಳು ಹಳೇ ಚಹಾ ಲೋಟದ ತಳದ ಬಣ್ಣಕ್ಕಿದ್ದವು, ಸಂದಿಗಳಲ್ಲಿ ಕರಿಗೆಂಪು. ನನ್ನ ಚೀಟಿಯ ಎ-ಟೂ ಎಲ್ಲಿ, ಇವರೆಲ್ಲಿ! ಎಲೆಅಡಿಕೆ. ಅದೂ ಇವತ್ತು ನಿನ್ನೆಯದಲ್ಲ.

ಬಡಿಸಿ ಮುಗಿಯುವ ತನಕ ಕಾದು, ಅಡಿಗೆಮನೆಯ ಬಾಗಿಲಲ್ಲಿ ಪರಿಚಯ ಹೇಳಿಕೊಂಡೆ.

"ಅಯ್ಯೋ ಶಿವನೇ! ನೀವಾ ನನ್ನ ಹಲ್ಲು ಮಾಡೋರು? ಯಾರೋ ವಯಸ್ಸಾದ ಗಂಡಸರು ಅಂದ್ಕಂಡಿದ್ದೆ." ಅವರು ಅವಸರದಲ್ಲಿ ಮತ್ತೆ ಸೆರಗು ಮುಚ್ಚಿಕೊಂಡರು.

"ಗಿರಿಜಕ್ಕ, ಎಲೆಅಡಿಕೆ ತಿಂತೀರಾ?"

ಹೊರಗೆ ಮಕ್ಕಳು ಕೇಳಿಸಿಕೊಳ್ಳುತ್ತಾರೋ ಎಂದು ನೋಡಿ ದನಿ ತಗ್ಗಿಸಿದರು. "ಹದಿನಾಲ್ಕು ವರ್ಷಕ್ಕೇ ಕಲಿತದ್ದು ತಂಗಿ. ಹೊಗೆಸೊಪ್ಪೂ ಸೇರ್ತದೆ. ಅವತ್ತು ಡಾಕ್ಟ್ರು ಕೇಳಿದ್ರು, ತಿಂತೀರಾ ಅಂತ. ಮಕ್ಕಳಿಗೆ ಅಡಿಗೆ ಮಾಡೋಳು, ಹೂಂ ಅನ್ನಕ್ಕೆ ನಾಚಿಕೆ ಆತು. ಇಲ್ಲ ಅಂದ್ಬಿಟ್ಟೆ."

"ಮತ್ತೆ ಅವರಿಗೆ ಬಣ್ಣ ಗೊತ್ತಾಗಲಿಲ್ವಾ?"

"ಎಲ್ಲಿಂದ ಗೊತ್ತಾಗ್ತದೆ? ಡಾಕ್ಟ್ರ ಹತ್ರ ಹೋಗೋದು ಅಂದ್ರೆ ಎರಡು ದಿನ ಮೊದಲೇ ಎಲೆಅಡಿಕೆ ಬಿಡ್ತಿದ್ದೆ. ಉಮಿ ಸುಟ್ಟ ಕರಿಗೆ ಉಪ್ಪು ಹಾಕಿ, ಹೊತ್ತಾರೆ ಸಂಜೆ ತಿಕ್ಕಿದ್ದೇ ತಿಕ್ಕಿದ್ದು. ವಸಡಲ್ಲಿ ರಕ್ತ ಬರೋ ತನಕ. ಹೋಗಿ ಬಂದ ಸಂಜೆಗೇ ಮತ್ತೆ ಶುರು."

ನಾಲ್ಕು ದಿನಕ್ಕೆ ಅವರ ಹಲ್ಲುಗಳು ತಮ್ಮ ಬಣ್ಣಕ್ಕೆ ಮರಳುತ್ತಿದ್ದವು. ಹೊಳಪು ಕೊಟ್ಟ ಪಿಂಗಾಣಿಗೆ ಎಲೆಅಡಿಕೆಯ ಕಲೆ ಸುಲಭಕ್ಕೆ ಹಿಡಿಯುವುದಿಲ್ಲ, ನನ್ನ ಹಲ್ಲು ಮಾತ್ರ ಬೆಳ್ಳಗೆ ಉಳಿಯುತ್ತಿತ್ತು. ತೋರಿಸಲು ಹೋಗುವಾಗ ಮತ್ತೆ ತಿಕ್ಕುತ್ತಿದ್ದರು. ಡಾಕ್ಟರು ಕಂಡದ್ದು ತಿಕ್ಕಿದ ಬಾಯಿ, ಊರು ಕಂಡದ್ದು ತಿಕ್ಕದ ಬಾಯಿ. ಇಬ್ಬರೂ ಹೇಳಿದ್ದು ನಿಜವೇ.

"ಇದ್ದಂಗೇ ಬಿಟ್ಟುಬಿಡಬಹುದಿತ್ತಲ್ಲ ಗಿರಿಜಕ್ಕ, ಬಿಳಿ ಇದ್ರೆ ಏನಾಗ್ತಿತ್ತು?"

"ಏನಾಗ್ತಿತ್ತಾ? ಮೊದಲನೇ ವಾರದಲ್ಲೇ ಎರಡನೇ ಕ್ಲಾಸಿನ ಒಂದು ಹುಡುಗಿ ಎಲ್ಲರ ಎದುರು, 'ಗಿರಿಜಕ್ಕಾ, ಹಲ್ಲಿಗೆ ಅನ್ನದ ಅಗುಳು ಅಂಟ್ಕಂಡದೆ' ಅಂತು. ಪಾಪ, ಅದು ನಿಜ ಅಂತಲೇ ಹೇಳಿದ್ದು. ಸಾಯಂಕಾಲದೊಳಗೆ ಊರೆಲ್ಲ ಸುದ್ದಿ, ಮಕ್ಕಳಿಗೆ ಬಡಿಸೋಕೆ ಮೊದಲು ಇವಳು ತಿಂತಾಳೆ ಅಂತ." ಅವರ ಕಣ್ಣು ತುಂಬಿತು. "ಸಾರಿನ ಪಾತ್ರೆ ಹಿಡ್ಕಂಡು ಇದೇ ಮೆಟ್ಲಲ್ಲಿ ಬಿದ್ದು ಹಲ್ಲು ಮುರ್ಕಂಡೋಳು ನಾನು. ಸಾರು ಒಂದು ತೊಟ್ಟು ಚೆಲ್ಲಲಿಲ್ಲ. ಅಂಥೋಳಿಗೆ ಈ ಮಾತು."

ಆಗ ನನ್ನ ಕಥೆಯನ್ನೂ ಹೇಳಿದೆ. ಏಳು ಸಲ ಕಾಸಿದ್ದು, ಕೊನೆಯ ಗುರುವಾರ, ಶಿವಮೊಗ್ಗ, ಅಟ್ಟ. ಅವರು ಸೌಟು ತೊಳೆಯುತ್ತಾ ಕೇಳಿದರು.

"ನನ್ನ ಒಂದು ಹಲ್ಲಿಗೆ ಏಳು ಸಲ ಬೆಂಕಿ ಹಾಕಿದ್ರಾ?"

"ಹೂಂ."

"ನಾನು ಅದರ ಎರಡರಷ್ಟು ಸಲ ಕರಿ ತಿಕ್ಕಿದೀನಿ ತಂಗಿ. ಇಬ್ಬರಿಗೂ ಬುದ್ಧಿ ಇಲ್ಲ."

ಇಬ್ಬರೂ ನಕ್ಕೆವು. ಅವರನ್ನು ಬಾಗಿಲ ಬೆಳಕಿಗೆ ಕೂರಿಸಿ ಶೇಡ್ ಗೈಡ್ ಹಿಡಿದೆ. ಅದರಲ್ಲಿದ್ದ ಯಾವ ಬಣ್ಣವೂ ಅಲ್ಲಿಗೆ ಮುಟ್ಟಲಿಲ್ಲ. ಚೀಟಿಯ ಹಿಂದೆ ಹಲ್ಲಿನ ಚಿತ್ರ ಬರೆದು, ಎಲ್ಲಿ ಕಂದು, ಎಲ್ಲಿ ಕೆಂಪು, ಯಾವ ಸಂದಿಯಲ್ಲಿ ಕಪ್ಪು ಗೆರೆ ಎಂದು ಗುರುತು ಮಾಡಿಕೊಂಡೆ. ಹೊರಡುವಾಗ ಹೇಳಿದೆ.

"ನಿಮ್ಮ ಹಲ್ಲಿಗೆ ಹೊಂದೋ ಹಾಗೇ ಮಾಡ್ತೀನಿ. ಆದ್ರೆ ಗುರುವಾರ ನೀವು ತಿಕ್ಕದೆ ಬರಬೇಕು. ಹೀಗೇ, ಇದೇ ಬಾಯಲ್ಲಿ."

ಅವರ ಮುಖ ಗಟ್ಟಿಯಾಯಿತು. "ಅದೊಂದು ಆಗದಿಲ್ಲ. ಇಲ್ಲ ಅಂದಿದೀನಿ ಅವರಿಗೆ. ಯಾವ ಮುಖ ಇಟ್ಕಂಡು ಬಾಯಿ ತೆಗೀಲಿ?"

"ನಾನೇ ಡಾಕ್ಟ್ರಿಗೆ ಹೇಳ್ತೀನಿ."

"ಬೇಡ. ನೀವು ಹೇಳಿದ್ರೆ ಇನ್ನೂ ಮರ್ಯಾದೆ ಹೋಗ್ತದೆ." ಅಷ್ಟು ಹೇಳಿ ಪಾತ್ರೆಗಳ ಕಡೆ ತಿರುಗಿದರು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

ಹೊಸ ಹಲ್ಲನ್ನು ನಾಲ್ಕೇ ಸಲ ಕಾಸಿದೆ. ಬಣ್ಣವನ್ನು ಮೇಲೆ ಬಳಿಯದೆ ಒಳಗಿನ ಪುಡಿಯಲ್ಲೇ ಕಲಸಿ, ಪದರ ಪದರವಾಗಿ ಕಟ್ಟಿದೆ. ಮೂವತ್ತೆರಡು ವರ್ಷದ ಎಲೆಅಡಿಕೆಯನ್ನು ಮೂರು ದಿನದಲ್ಲಿ ಹಚ್ಚಬೇಕಿತ್ತು. ಮುಗಿದಾಗ ಅದು ಒಂದು ಕುರೂಪಿ ಹಲ್ಲು. ಮಂಗಳೂರಿನ ನನ್ನ ಗುರುಗಳು ನೋಡಿದ್ದರೆ ಕಸದ ಬುಟ್ಟಿಗೆ ಎಸೆಯುತ್ತಿದ್ದರು. ತಿಕ್ಕಿದ ಬಾಯಲ್ಲಿ ಅದನ್ನು ಇಟ್ಟರೆ ಡಾಕ್ಟರೂ ಅದನ್ನೇ ಮಾಡುತ್ತಿದ್ದರು. ಗಿರಿಜಕ್ಕ ಬೇಡ ಅಂದಿದ್ದರಿಂದ ನಾನು ಡಾಕ್ಟರಿಗೆ ಏನನ್ನೂ ಹೇಳಲಿಲ್ಲ.

ಗುರುವಾರ ಬಸ್ಸಿಗೆ ಕೊಡದೆ ಹಲ್ಲನ್ನು ನಾನೇ ತೆಗೆದುಕೊಂಡು ಹೋದೆ. ಕ್ಲಿನಿಕ್ಕಿನ ಬೆಂಚಿನ ಮೇಲೆ ರೋಗಿಗಳ ಜೊತೆ ಕೂತೆ. ಹ್ಯಾಂಡ್‌ಬ್ಯಾಗಿನಲ್ಲಿ ಡಬ್ಬಿ, ಡಬ್ಬಿಯಲ್ಲಿ ಹಲ್ಲು. ಹತ್ತೂವರೆಯ ಬಸ್ಸು ಬಂತು, ಗಿರಿಜಕ್ಕ ಇಳಿಯಲಿಲ್ಲ. ಹನ್ನೊಂದೂಕಾಲಿನ ಬಸ್ಸಿನಲ್ಲೂ ಇಲ್ಲ. ಡಾಕ್ಟರು ಒಂದು ಸಲ ಹೊರಗೆ ಬಂದು ಗಡಿಯಾರ ನೋಡಿ ಒಳಗೆ ಹೋದರು. ಹನ್ನೆರಡಕ್ಕೆ ಗಿರಿಜಕ್ಕ ಬಂದರು. ಬಾಯಿಗೆ ಸೆರಗು. ನನ್ನ ಕಡೆ ನೋಡದೆ ನೇರ ಒಳಗೆ ಹೋಗಿ ಕುರ್ಚಿಯಲ್ಲಿ ಕೂತರು. ತಿಕ್ಕಿದ್ದಾರೋ ಇಲ್ಲವೋ ನನಗೆ ತಿಳಿಯಲಿಲ್ಲ. ಹಿಂದೆಯೇ ಒಳಗೆ ಹೋಗಿ ಡಬ್ಬಿಯನ್ನು ಡಾಕ್ಟರಿಗೆ ಕೊಟ್ಟೆ.

ಡಾಕ್ಟರು ಹಲ್ಲನ್ನು ಹೊರಗೆ ತೆಗೆದರು. ನೋಡಿದರು. ನನ್ನನ್ನು ನೋಡಿದರು. "ಏನ್ರೀ ಇದು?"

ನಾನು ಬಾಯಿ ತೆಗೆಯುವ ಮೊದಲೇ ಗಿರಿಜಕ್ಕ ಸೆರಗು ತೆಗೆದರು. "ಡಾಕ್ಟ್ರೇ, ಆ ಹುಡುಗಿಗೆ ಎಂತದೂ ಹೇಳಬೇಡಿ. ನಾನು ನಿಮಗೆ ಸುಳ್ಳು ಹೇಳಿದ್ದೆ. ನನ್ನ ಬಾಯಿ ಇರೋದೇ ಹಿಂಗೆ. ನೋಡಿ." ಎಂದವರೇ ಕಣ್ಣು ಮುಚ್ಚಿಕೊಂಡು ಬಾಯಿ ಅಗಲ ತೆರೆದರು. ಬರುವಾಗ ಬಸ್ಸಿನಲ್ಲೂ ಒಂದು ಎಲೆ ಹಾಕಿಕೊಂಡು ಬಂದಿದ್ದರು. ತುಟಿ ಕೆಂಪಗಿತ್ತು.

ಡಾಕ್ಟರು ಬೈಯಲಿಲ್ಲ. ದೀಪ ಎಳೆದುಕೊಂಡು ಹಲ್ಲನ್ನು ಕೂರಿಸಿದರು. ದೀಪ ಆರಿಸಿ, ಕಿಟಕಿಯ ಪರದೆ ಸರಿಸಿ, ಆ ಬೆಳಕಿನಲ್ಲಿ ಇನ್ನೊಮ್ಮೆ ನೋಡಿದರು. ಆಮೇಲೆ ಪುಟ್ಟ ಕನ್ನಡಿಯನ್ನು ಗಿರಿಜಕ್ಕನ ಕೈಗೆ ಕೊಟ್ಟರು. ಗಿರಿಜಕ್ಕ ಬಹಳ ಹೊತ್ತು ನೋಡಿದರು. ನಾಲಿಗೆಯಿಂದ ಮುಟ್ಟಿ ನೋಡಿದ ಮೇಲೆಯೇ ಅವರಿಗೆ ಹೊಸ ಹಲ್ಲು ಯಾವುದೆಂದು ಖಾತ್ರಿಯಾದದ್ದು.

"ಹೊಗೆಸೊಪ್ಪು ಬಿಡ್ಬೇಕು. ಬಾಯಿ ಹುಣ್ಣಾಗಿ ಬಂದ್ರೆ ನನ್ನ ಹತ್ರ ಅದಕ್ಕೆ ಹಲ್ಲು ಮಾಡೋರು ಯಾರೂ ಇಲ್ಲ" ಅಂದರು ಡಾಕ್ಟರು.

"ಹೊಗೆಸೊಪ್ಪು ಬಿಡ್ತೀನಿ, ದೇವ್ರಾಣೆಗೂ. ಎಲೆಅಡಿಕೆ ಬಿಟ್ರೆ ಈ ಹಲ್ಲು ಒಂಟಿಯಾಗ್ತದಲ್ಲ ಡಾಕ್ಟ್ರೇ!"

ಡಾಕ್ಟರು ನನ್ನ ಹತ್ತಿರ ಕ್ಷಮೆ ಗಿಮೆ ಏನೂ ಕೇಳಲಿಲ್ಲ. ಒಳಗಿನ ಕಪಾಟಿನಿಂದ ಎರಡು ಅಚ್ಚುಗಳನ್ನು ತಂದು ನನ್ನ ಮುಂದಿಟ್ಟರು. ಶಿವಮೊಗ್ಗಕ್ಕೆಂದು ಬರೆದಿದ್ದ ಚೀಟಿಯನ್ನು ಕಿತ್ತು ಹಾಕಿ, "ಹೇಗೂ ಬಂದಿದೀರಲ್ಲ, ತಗೊಂಡು ಹೋಗಿ" ಅಂದರು. ಆ ಅಟ್ಟದಲ್ಲಿ ನಾನು ಮತ್ತೆ ಹನ್ನೊಂದು ವರ್ಷ ಕೆಲಸ ಮಾಡಿದೆ.

ಅವತ್ತು ಸಂಜೆ ಅಂಗಡಿಗೆ ಬಂದು ಅಪ್ಪಯ್ಯನಿಗೆ ಎಲ್ಲವನ್ನೂ ಹೇಳಿದೆ. ಅವರು ಊದುಗೊಳವೆ ಕೆಳಗಿಟ್ಟು ಕೇಳಿಸಿಕೊಂಡರು. ಉಮಿಕರಿಯ ಮಾತಿಗೆ ನಕ್ಕರು. ಮುಗಿದ ಮೇಲೆ ಕೈ ಚಾಚಿದರು.

"ಆ ಹಳೇದು ಎಲ್ಲಿ? ಕೊಡು ಇಲ್ಲಿ."

"ಎಂತಕ್ಕೆ ಅಪ್ಪಯ್ಯ? ಎಸೆಯೋದು ಅದು."

"ನಾಕು ಸಲ ನೀನು ಕಾಸಿದ್ದು ಸರಿ ಇತ್ತು. ಮತ್ತಿನ ಮೂರು ಸಲ ನಾನು ಹೇಳಿದ್ದಕ್ಕೆ ಕಾಸಿದ್ದು. ಆ ತಪ್ಪು ನಂದು. ಕೊಡು."

ಕೊಟ್ಟೆ. ಅವರು ಅದನ್ನು ಏನು ಮಾಡಿದರೆಂದು ನಾನು ಕೇಳಲಿಲ್ಲ, ಕಳೆದ ತಿಂಗಳವರೆಗೂ ಗೊತ್ತಿರಲಿಲ್ಲ. ತಮ್ಮ ಕೆಲಸದಲ್ಲಿ ತಪ್ಪಾಯಿತು ಎಂದು ಅಪ್ಪಯ್ಯ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಆ ಒಂದೇ ಸಲ.

ಹಿತ್ತಾಳೆ ಡಬ್ಬಿಯ ಹತ್ತಿ ಬಿಡಿಸಿ ಹಲ್ಲನ್ನು ಅವರ ಅಂಗೈ ಮೇಲಿಟ್ಟೆ. ಕಣ್ಣಿಗೆ ಹತ್ತಿರ ಹಿಡಿದರೂ ಕಾಣಲಿಲ್ಲ. ಹೆಬ್ಬೆರಳಿನಿಂದ ಅದರ ಉರುಟು ಅಂಚನ್ನು ಸವರಿದರು. ಗುರುತು ಸಿಕ್ಕಿತು.

"ಇದನ್ನ ಮತ್ತೆ ಕಾಸ್ತೀಯಾ?"

"ಇಲ್ಲ ಅಪ್ಪಯ್ಯ."

"ಸರಿ" ಎಂದು ಅವರೇ ಅದನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಯೊಳಗೆ ಇಟ್ಟರು.